ಲೆಕ್ಕದ ಪೆಟ್ಟಿಗೆಗೊಂದು ಕಾವಲು

ಹೊಳಲ್ಕೆರೆಯ ಅಡಕೆ, ಹೊಸದುರ್ಗದ ತೆಂಗು, ಹಿರಿಯೂರಿನ ಬೆಳೆಸಾಲ, ಇವುಗಳ ಲೆಕ್ಕವೆಲ್ಲ ಖಾತೆ ಪುಸ್ತಕವನ್ನು ಬಿಟ್ಟು ಸರ್ವರ್ ಎಂಬ ಗಣಕಯಂತ್ರವನ್ನು ಸೇರುತ್ತಿದೆ. ಅದರೊಳಗಿನ ಡಿಸ್ಕು ಒಂದಲ್ಲ ಒಂದು ದಿನ ಕೆಡುವುದು ನಿಶ್ಚಯ. ಆಗ ರೈತನ ಲೆಕ್ಕದ ಗತಿಯೇನು?

೧೯೮೮ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ‘ರೇಡ್’ ಪದ್ಧತಿಯನ್ನು ಪ್ರತಿಪಾದಿಸಿದರು. ಓಲೆಗರಿಗೆ ಜೋಡಿ ಬರೆಸಿಡುವಂತೆ ಎರಡು ಡಿಸ್ಕಿನಲ್ಲಿಯೂ ಒಂದೇ ಬರಹವಿದ್ದರೆ ಅದು ರೇಡ್-೧. ರೇಡ್-೬ರಲ್ಲಿ ಎರಡು ಡಿಸ್ಕು ಕೆಟ್ಟರೂ ಉಳಿದವುಗಳಿಂದ ಬರಹವನ್ನು ಮರಳಿ ಕಟ್ಟಬಹುದು. ಇದನ್ನೆಲ್ಲ ನಡೆಸುವುದೇ ಕಂಟ್ರೋಲರ್ ಕಾರ್ಡು.

ಕೊಳ್ಳುವವರು ಮೂರು ಮಾತು ಕೇಳಬೇಕು. ಒಂದು, ಕಾರ್ಡಿಗೆ ಸ್ವಂತ ಪ್ರೊಸೆಸರ್ ಉಂಟೇ? ಅಗ್ಗದ ಕೆಲವು ಕಾರ್ಡುಗಳು ಭಾರವನ್ನೆಲ್ಲ ಸರ್ವರಿನ ಮೇಲೆಯೇ ಹೊರಿಸುತ್ತವೆ. ಎರಡು, ವಿದ್ಯುತ್ತು ಹಠಾತ್ತನೆ ಹೋದಾಗ, ಡಿಸ್ಕಿಗೆ ಇನ್ನೂ ಇಳಿಯದೆ ಕಾರ್ಡಿನ ಮೆಮೊರಿಯಲ್ಲಿ ನಿಂತ ಬರಹವನ್ನು ಕಾಯಲು ಬ್ಯಾಟರಿಯಾಗಲಿ, ಕೆಪಾಸಿಟರ್ ಸಹಿತವಾದ ಫ್ಲ್ಯಾಶ್ ಆಗಲಿ ಇದೆಯೇ? ಮೂರು, ಕಾರ್ಡೇ ಕೆಟ್ಟರೆ ಅದೇ ಬಗೆಯ ಇನ್ನೊಂದು ದೊರೆಯುವುದೇ? ಒಬ್ಬ ತಯಾರಕರ ಕಾರ್ಡು ಬರೆದುದನ್ನು ಮತ್ತೊಬ್ಬರ ಕಾರ್ಡು ಸಾಮಾನ್ಯವಾಗಿ ಓದಲಾರದು. ಆದುದರಿಂದ ಬ್ರಾಡ್‌ಕಾಮ್‌ನ ಮೆಗಾರೇಡ್, ಮೈಕ್ರೋಚಿಪ್‌ನ ಅಡಾಪ್ಟೆಕ್ ಮೊದಲಾದ ರೂಢಿಯಲ್ಲಿರುವ ಕಾರ್ಡುಗಳಲ್ಲೊಂದನ್ನು ಆರಿಸಿ, ಅದರದೇ ಬಿಡಿ ಕಾರ್ಡೊಂದನ್ನು ಬೀರುವಿನಲ್ಲಿಡುವುದು ಲೇಸು.

ಇಷ್ಟಾದರೂ ನಿಶ್ಚಿಂತರಾಗುವಂತಿಲ್ಲ. ಗುಮಾಸ್ತನು ತಪ್ಪಿ ಅಳಿಸಿದ ಲೆಕ್ಕ ಎಲ್ಲ ಡಿಸ್ಕುಗಳಲ್ಲಿಯೂ ಒಮ್ಮೆಗೇ ಅಳಿಯುತ್ತದೆ. ಏಳು ಸುತ್ತಿನ ನಮ್ಮ ದುರ್ಗಕ್ಕೂ ಒಂದು ಕಿಂಡಿಯಿತ್ತು. ಅಲ್ಲಿ ಓಬವ್ವ ಒನಕೆ ಹಿಡಿದು ನಿಲ್ಲಬೇಕಾಯಿತು. ಪ್ರತಿದಿನದ ಲೆಕ್ಕದ ನಕಲೊಂದು ಬೇರೊಂದು ಕಟ್ಟಡದಲ್ಲಿರಲಿ.