ಸೊನ್ನೆಯಲ್ಲಿ ನಿಂತ ಮುಳ್ಳು

ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಬೇಕು? ನಾನು ಇಂಥದೊಂದು ಪೇಚಿನಲ್ಲಿ ಸಿಕ್ಕಿಕೊಂಡದ್ದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ನನ್ನ ಸೋದರಳಿಯನ ಮನೆಯ ನೆಲಮಾಳಿಗೆಯಲ್ಲಿ, ಒಂದು ಚಳಿಗಾಲದ ಮಧ್ಯಾಹ್ನ. ಹಳೆಯ ಸಾಮಾನುಗಳ ಸಂತೆಯಲ್ಲಿ ಅವನು ಕೊಂಡು ತಂದಿದ್ದ ಹಳದಿ ಬಣ್ಣದ ಪೆಟ್ಟಿಗೆಯೊಂದು ನಮ್ಮ ಮುಂದಿತ್ತು. ಮೇಲೊಂದು ಹಿಡಿ, ಹಿಡಿಗೆ ಸಿಕ್ಕಿಸಿದ ಲೋಹದ ಕೊಳವೆ, ಕೊಳವೆಯಿಂದ ಪೆಟ್ಟಿಗೆಯೊಳಕ್ಕೆ ಹೋಗುವ ತಂತಿ, ಪಾರದರ್ಶಕ ಕಿಟಕಿಯ ಹಿಂದೆ ಒಂದು ಮುಳ್ಳಿನ ಮೀಟರು. ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಂಡರೆ ಟಿಕ್, ಟಿಕ್‌ಟಿಕ್, ಮತ್ತೆ ಸ್ವಲ್ಪ ತಡೆದು ಟಿಕ್ ಎಂದು ಸದ್ದು ಬರುತ್ತಿತ್ತು. ಮುಳ್ಳು ಮಾತ್ರ ಸೊನ್ನೆಯ ಮೇಲೆ ಕಲ್ಲಿನಂತೆ ಕೂತಿತ್ತು.

“ಮಾವ, ಮೀಟರು ಕೆಟ್ಟಿದೆಯೋ, ಅಥವಾ ಇಲ್ಲಿ ವಿಕಿರಣವೇ ಇಲ್ಲವೋ?” ಎಂದು ಕೇಳಿದ.

ಪ್ರಶ್ನೆ ಸಣ್ಣದಲ್ಲ. ಆ ಪೆಟ್ಟಿಗೆ ಹುಟ್ಟಿದ್ದೇ ಇಂಥ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿ. ಸಿಡಿವಿ 700 ಎಂಬುದು ಅದರ ಹೆಸರು. 1950 ಮತ್ತು 60ರ ದಶಕಗಳಲ್ಲಿ, ಅಣುಬಾಂಬು ಇಂದು ಬಿದ್ದೀತೋ ನಾಳೆ ಬಿದ್ದೀತೋ ಎಂದು ಅಮೆರಿಕದ ಜನ ಆತಂಕಪಡುತ್ತಿದ್ದ ಕಾಲದಲ್ಲಿ, ಅಲ್ಲಿನ ನಾಗರಿಕ ರಕ್ಷಣಾ ವ್ಯವಸ್ಥೆಗಾಗಿ ತಯಾರಾದ ಗೈಗರ್ ಗಣಕ ಅದು. ಓಹಾಯೋದ ಕ್ಲೀವ್‌ಲ್ಯಾಂಡ್ ನಗರದ ವಿಕ್ಟೋರೀನ್ ಸಂಸ್ಥೆ ಅವುಗಳ ಮುಖ್ಯ ತಯಾರಕರಲ್ಲೊಂದು. ವಿನೋದವೆಂದರೆ, ಮಕ್ಕಳ ಆಟಿಕೆಯ ರೈಲುಗಳಿಗೆ ಹೆಸರಾದ ಲಯೊನೆಲ್ ಕಂಪನಿಯೂ ಇದೇ ಗಣಕವನ್ನು ಮಾಡಿ ಮಾರಿತು. ರೈಲು ಕೊಂಡ ಮಗುವೂ ಆ ಮಗುವಿನ ಊರನ್ನು ಕಾಯಬೇಕಾದ ಸ್ವಯಂಸೇವಕನೂ ಒಂದೇ ಹೆಸರನ್ನು ಕೈಯಲ್ಲಿ ಹಿಡಿದಿದ್ದರು. ಆ ಯುದ್ಧ ಬರಲಿಲ್ಲ. ಪೆಟ್ಟಿಗೆಗಳು ಉಗ್ರಾಣಗಳಲ್ಲಿ ಕೂತು ಹಳತಾದವು. ಈಗ ಸಂಗ್ರಾಹಕರ ಕೈಸೇರಿವೆ.

ಕೊಳವೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಜೊತೆಗೂಡಿ ಹಾನ್ಸ್ ಗೈಗರ್ 1908ರಲ್ಲಿ ಅದರ ಮೊದಲ ರೂಪವನ್ನು ಕಟ್ಟಿದ. 1928ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ತನ್ನ ಶಿಷ್ಯ ವಾಲ್ಟರ್ ಮ್ಯುಲ್ಲರನೊಡನೆ ಅದಕ್ಕೆ ಇಂದಿನ ರೂಪ ಕೊಟ್ಟ. ಕಡಮೆ ಒತ್ತಡದಲ್ಲಿ ಅನಿಲ ತುಂಬಿದ ಕೊಳವೆ, ನಡುವೆ ತೆಳುವಾದ ತಂತಿ, ತಂತಿಗೂ ಗೋಡೆಗೂ ನಡುವೆ ಸುಮಾರು 900 ವೋಲ್ಟ್. ವಿಕಿರಣದ ಒಂದು ಕಣ ಒಳಹೊಕ್ಕು ಒಂದು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತರೆ ಸಾಕು. ಗುಡ್ಡದ ಮೇಲಿಂದ ಉರುಳಿದ ಕಲ್ಲು ನೂರು ಕಲ್ಲುಗಳನ್ನು ಎಬ್ಬಿಸಿಕೊಂಡು ಬರುವಂತೆ ಎಲೆಕ್ಟ್ರಾನುಗಳ ಹಿಂಡು ತಂತಿಗೆ ಧಾವಿಸುತ್ತದೆ. ಅದೇ ಒಂದು ಟಿಕ್.

ಈ ಟಿಕ್ ಭೂಮಿಯ ಮೇಲೆ ಎಲ್ಲಿಯೂ ಪೂರ್ತಿ ನಿಲ್ಲುವುದಿಲ್ಲ. ನೆಲದ ಕಲ್ಲುಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಲೇಶವಿದೆ. ಆಕಾಶದಿಂದ ವಿಶ್ವಕಿರಣಗಳು ಹಗಲು ರಾತ್ರಿ ಸುರಿಯುತ್ತಿವೆ. ಈ ಕಿರಣಗಳು ನೆಲದೊಳಕ್ಕೆ ಎಷ್ಟು ಆಳ ಇಳಿಯಬಲ್ಲವೆಂದು ತಿಳಿಯುವುದಕ್ಕಾಗಿಯೇ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಮೊದಲಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ ಪ್ರಯೋಗಗಳನ್ನು ನಡೆಸಿದರು. ಇರಲಿ. ಸಿಡಿವಿ 700ರಂಥ ಉಪಕರಣದಲ್ಲಿ, ಅಪಾಯಕರವಾದದ್ದು ಏನೂ ಇಲ್ಲದ ಕೋಣೆಯಲ್ಲಿಯೂ, ನಿಮಿಷಕ್ಕೆ ಹತ್ತು ಇಪ್ಪತ್ತು ಟಿಕ್‌ಗಳು ಕೇಳಲೇಬೇಕು. ಅತ್ಯಂತ ಸೂಕ್ಷ್ಮವಾದ ವ್ಯಾಪ್ತಿಯಲ್ಲಿ ಇಟ್ಟಾಗ ಮುಳ್ಳು ಸೊನ್ನೆಯ ಬುಡದಲ್ಲಿ ಸದಾ ಮಿಸುಕಾಡುತ್ತಿರಬೇಕು. ಅಲುಗದ ಸೊನ್ನೆಯನ್ನು ಕಂಡರೆ ಸಮಾಧಾನಪಡುವುದಲ್ಲ, ಸಂಶಯಪಡಬೇಕು. “ಕೆಟ್ಟಿರುವುದು ಮೀಟರೇ” ಎಂದು ಅಳಿಯನಿಗೆ ಹೇಳಿದೆ.

ಮೀಟರು ಒಂದೊಂದೇ ಟಿಕ್ ಅನ್ನು ಎಣಿಸುವುದಿಲ್ಲ. ತಳದಲ್ಲಿ ಸಣ್ಣ ತೂತಿರುವ ಕೊಡಕ್ಕೆ ಹನಿಹನಿಯಾಗಿ ನೀರು ಬಿದ್ದರೆ, ಹನಿಗಳ ವೇಗಕ್ಕೆ ತಕ್ಕಂತೆ ಕೊಡದಲ್ಲಿ ಒಂದು ಮಟ್ಟ ನಿಲ್ಲುತ್ತದಲ್ಲವೆ? ಹಾಗೆ ಪ್ರತಿ ಟಿಕ್ಕಿನ ವಿದ್ಯುತ್ತೂ ಒಂದು ಕೆಪ್ಯಾಸಿಟರಿನಲ್ಲಿ ಕೂಡಿಕೊಂಡು ಸೋರಿಹೋಗುತ್ತದೆ. ಆ ಸೋರಿಕೆಯ ಪ್ರವಾಹವೇ ಮುಳ್ಳನ್ನು ತಳ್ಳುವುದು. ಮುಳ್ಳು ಪೂರ್ತಿ ಬಲಕ್ಕೆ ವಾಲುವುದಕ್ಕೆ ಬೇಕಾದದ್ದು 50 ಮೈಕ್ರೋ ಆಂಪಿಯರ್. 60 ವ್ಯಾಟಿನ ಬಲ್ಬಿನಲ್ಲಿ ಹರಿಯುವ ಪ್ರವಾಹದ ಸುಮಾರು ಐದು ಸಾವಿರದಲ್ಲೊಂದು ಪಾಲು! ಇಷ್ಟು ಕ್ಷೀಣವಾದ ಬಲಕ್ಕೆ ಓಗೊಡಬೇಕಾದ ಯಂತ್ರ ಎಷ್ಟು ನವಿರಾಗಿರಬೇಕೆಂದು ಊಹಿಸಿಕೊಳ್ಳಿ. ಅಯಸ್ಕಾಂತದ ಎರಡು ತುದಿಗಳ ನಡುವೆ ಮೆದುಕಬ್ಬಿಣದ ದುಂಡು ತಿರುಳು. ತಿರುಳಿಗೂ ತುದಿಗಳಿಗೂ ನಡುವಣ ಕಿರಿದಾದ ಸಂದಿನಲ್ಲಿ, ಎರಡನ್ನೂ ಸೋಕದೆ ತಿರುಗಬೇಕಾದ ತಂತಿಸುರುಳಿ. ಸುರುಳಿಯ ತಂತಿ ಕೂದಲಿಗಿಂತ ತೆಳು. ಅದರ ಮೇಲೆ ಕೆಳಗೆ ಉಕ್ಕಿನ ಎರಡು ಮೊನೆಗಳು. ಮೊನೆಗಳು ಊರಿ ನಿಂತಿರುವುದು ನೀಲಮಣಿಯಂಥ ಗಟ್ಟಿಕಲ್ಲಿನ ಪುಟ್ಟ ಗುಳಿಗಳಲ್ಲಿ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರಗಳ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತಿದ್ದುದನ್ನು ಕಂಡವರಿಗೆ ಈ ಕಲ್ಲುಗಳು ಹೊಸವಲ್ಲ. ಮೊನೆಗಳ ಬಳಿ ಕೂದಲೆಳೆಯ ಎರಡು ಸ್ಪ್ರಿಂಗುಗಳಿವೆ. ಮುಳ್ಳನ್ನು ಸೊನ್ನೆಗೆ ಮರಳಿಸುವುದೂ ಅವೇ, ಸುರುಳಿಗೆ ವಿದ್ಯುತ್ತನ್ನು ಒಯ್ದು ತರುವುದೂ ಅವೇ.

ಈ ಬಗೆಯ ಯಂತ್ರವನ್ನು 1882ರಲ್ಲಿ ಫ್ರಾನ್ಸಿನ ದೆಪ್ರೆ ಮತ್ತು ದಾರ್ಸನ್‌ವಾಲ್ ರೂಪಿಸಿದರು. ಅದು ಪ್ರಯೋಗಶಾಲೆಯ ಮೇಜು ಬಿಟ್ಟು ಕದಲುವಂತಿರಲಿಲ್ಲ. 1888ರಲ್ಲಿ ಎಡ್ವರ್ಡ್ ವೆಸ್ಟನ್ ಅದನ್ನು ಕೈಯಲ್ಲಿ ಹಿಡಿದು ಓಡಾಡುವಂತೆ ಮಾಡಿದ. ಅವನ ಊರು ನ್ಯೂಜೆರ್ಸಿಯ ನೆವಾರ್ಕ್. ಆ ಸೀಮೆಯ ಮಾತು ಮತ್ತೆ ಬರಲಿದೆ.

ರಿಪೇರಿ ಎಂದೊಡನೆ ತಿರುಪುಳಿ ಕೈಗೆತ್ತಿಕೊಳ್ಳಬಾರದು. ಮೊದಲು ಸೆಲ್ಲುಗಳನ್ನು ಹೊರತೆಗೆದು ಸ್ವಲ್ಪ ಹೊತ್ತು ಕಾಯಬೇಕು. 900 ವೋಲ್ಟಿನ ಪ್ರವಾಹ ಅಲ್ಪವಾದರೂ ಕೆಪ್ಯಾಸಿಟರಿನಲ್ಲಿ ಉಳಿದದ್ದು ಬೆರಳನ್ನು ಚೆನ್ನಾಗಿಯೇ ಕಚ್ಚುತ್ತದೆ. ಆಮೇಲೆ ಮೀಟರಿನ ಎರಡು ತಂತಿಗಳನ್ನು ಬಿಡಿಸಿ, ಅದನ್ನು ಒಂಟಿಯಾಗಿ ಪರೀಕ್ಷಿಸಬೇಕು. ಇಲ್ಲಿ ಹಲವರು ಎಡವುತ್ತಾರೆ. ತಂತಿ ತುಂಡಾಗಿದೆಯೇ ನೋಡೋಣವೆಂದು ಮಲ್ಟಿಮೀಟರನ್ನು ರೋಧ ಅಳೆಯುವ ಸ್ಥಾನದಲ್ಲಿಟ್ಟು ನೇರವಾಗಿ ಮುಟ್ಟಿಸಿದರೆ, ಅದರಿಂದ ಹರಿಯುವ ಪ್ರವಾಹ ಈ ಸುರುಳಿ ತಾಳುವುದಕ್ಕಿಂತ ಬಹುಪಾಲು ಹೆಚ್ಚು. ಮುಳ್ಳು ಗೋಡೆಗೆ ಹಣೆ ಚಚ್ಚಿಕೊಂಡಂತೆ ಹಾರಿ ಬಾಗಿಹೋಗುತ್ತದೆ. ಟಾರ್ಚಿನ ಒಂದು ಸೆಲ್ಲು ಮತ್ತು ಒಂದು ಲಕ್ಷ ಓಮ್‌ನ ರೋಧಕ ಸಾಕು. ಒಂದೂವರೆ ವೋಲ್ಟನ್ನು ಒಂದು ಲಕ್ಷದಿಂದ ಭಾಗಿಸಿದರೆ 15 ಮೈಕ್ರೋ ಆಂಪಿಯರ್, 0.5ರವರೆಗೆ ಗುರುತಿರುವ ಮಾಪನದಲ್ಲಿ ಮುಳ್ಳು 0.15ರ ಹತ್ತಿರ ನಿಲ್ಲಬೇಕು.

ನಮ್ಮ ಮುಳ್ಳು ಸೆಲ್ಲು ಮುಟ್ಟಿಸಿದಾಗ ನಡುಗಿತು, ಏಳಲಿಲ್ಲ. ಉಗುರಿನಿಂದ ಮೆಲ್ಲಗೆ ತಟ್ಟಿದೆ; 0.05ಕ್ಕೆ ಬಂದು ತಡವರಿಸಿತು. ಇನ್ನೊಮ್ಮೆ ತಟ್ಟಿದೆ, ತಟಕ್ಕನೆ 0.15ಕ್ಕೆ ಹಾರಿತು. ಸುರುಳಿ ಜೀವಂತವಾಗಿದೆ, ಯಾವುದೋ ಅಡ್ಡಿ ಇದೆ ಎಂದಾಯಿತು. ಆ ದೇಶದ ಚಳಿಗಾಲದ ಒಣಹವೆಯಲ್ಲಿ ಪ್ಲಾಸ್ಟಿಕ್ ಕಿಟಕಿಯನ್ನು ಬಟ್ಟೆಯಿಂದ ಒರೆಸಿದರೆ ಹುಟ್ಟುವ ಸ್ಥಿರವಿದ್ಯುತ್ತೇ ಮುಳ್ಳನ್ನು ಹಿಡಿದಿಡುವುದುಂಟು. ಕಿಟಕಿಯ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟೆ. ಅಷ್ಟರಿಂದಲೇ ವಾಸಿಯಾದ ಮೀಟರುಗಳಿವೆ. ನಮ್ಮದು ಆಗಲಿಲ್ಲ. ತೆರೆಯಲೇಬೇಕಾಯಿತು.

ತೆರೆಯುವ ಮುನ್ನ ಮುಖಫಲಕವನ್ನು ಚೆನ್ನಾಗಿ ನೋಡಿದೆ. ನಮ್ಮ ಮೀಟರಿನ ಅಂಕಿಗಳು ಸಾಮಾನ್ಯ ಮಸಿಯಲ್ಲಿ ಅಚ್ಚಾದವು. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಮತ್ತು ವಿಮಾನ ಮೀಟರುಗಳಲ್ಲಿ ಹಾಗಲ್ಲ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೂ ಮುಳ್ಳಿಗೂ ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಇಂದು ಅವು ಹೊಳೆಯುವುದಿಲ್ಲ. ಸತ್ತಿರುವುದು ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್, ರೇಡಿಯಂ ಸತ್ತಿಲ್ಲ. ಅದರ ಅರ್ಧಾಯುಸ್ಸು 1600 ವರ್ಷ. ಬಣ್ಣ ಒಣಗಿ ಹುಡಿಯಾಗಿರುತ್ತದೆ. ಕಿಟಕಿ ತೆಗೆದು ಒಂದು ಸಲ ಊದಿದರೆ ಅದು ಗಾಳಿಗೇರಿ ಉಸಿರಿನೊಡನೆ ಒಳಸೇರುತ್ತದೆ. ವೆಸ್ಟನ್ನನ ನೆವಾರ್ಕಿಗೆ ಕೆಲವೇ ಮೈಲಿ ದೂರದ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಗಡಿಯಾರದ ಮುಖಗಳಿಗೆ ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರಿಗೆ, ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುವ ರೂಢಿಯನ್ನು ಕಲಿಸಿದ್ದರು. ರೇಡಿಯಂ ಅವರ ಎಲುಬುಗಳಲ್ಲಿ ನೆಲೆಸಿತು; ದವಡೆ ಕೊಳೆತು ಹಲವರು ಎಳೆಯ ವಯಸ್ಸಿನಲ್ಲಿ ತೀರಿಕೊಂಡರು. ಐವರು ಹೆಣ್ಣುಮಕ್ಕಳು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಆದ್ದರಿಂದ ರೇಡಿಯಂ ಬಳಿದ ಮೀಟರು ಕೈಗೆ ಸಿಕ್ಕರೆ ಮಾಡಬೇಕಾದ ರಿಪೇರಿ ಒಂದೇ: ತೆರೆಯದೆ ಇಡುವುದು. ವಿಕಿರಣ ಅಳೆಯುವ ಹವ್ಯಾಸಿ ತನ್ನ ಮೇಜಿನ ಮೇಲೆಯೇ ಅದನ್ನು ಚೆಲ್ಲಿಕೊಂಡರೆ ಏನು ಹೇಳೋಣ!

ನಾವು ಮೇಜಿನ ಮೇಲೆ ಬಿಳಿಯ ಕಾಗದ ಹಾಸಿ, ಉಕ್ಕಿನ ಸಾಮಾನನ್ನೆಲ್ಲ ದೂರ ಸರಿಸಿದೆವು. ಅಯಸ್ಕಾಂತ ಉಕ್ಕಿನ ಚಿಮಟವನ್ನು ಸೆಳೆದರೆ ಅದು ನೇರವಾಗಿ ಸ್ಪ್ರಿಂಗಿನ ಮೇಲೆಯೇ ಹೋಗಿ ಬೀಳುತ್ತದೆ. ಮುಖಫಲಕದ ಎರಡು ತಿರುಪುಗಳನ್ನು ಬಿಚ್ಚಿ, ಫಲಕವನ್ನು ಮೇಲೆತ್ತದೆ ಮುಳ್ಳಿನ ಅಡಿಯಿಂದ ಪಕ್ಕಕ್ಕೆ ಜಾರಿಸಿದೆ. ಭೂತಗನ್ನಡಿ ಹಿಡಿದು ಸಂದಿನೊಳಗೆ ಇಣುಕಿದಾಗ ಕಳ್ಳ ಸಿಕ್ಕಿದ. ಹಿಂದೆಂದೋ ಸೋರಿದ ಸೆಲ್ಲುಗಳು ತಿಂದು ಹಾಕಿದ ಕಬ್ಬಿಣದ ಒಂದು ಎಳೆ, ಇರುವೆಯ ಕಾಲಿಗಿಂತ ಸಣ್ಣದು, ಅಯಸ್ಕಾಂತದ ತುದಿಗೆ ಕಚ್ಚಿಕೊಂಡು ನೆಟ್ಟಗೆ ನಿಂತಿತ್ತು. ಸುರುಳಿ ತಿರುಗಿದಾಗಲೆಲ್ಲ ಅದಕ್ಕೆ ತಗಲುತ್ತಿತ್ತು. ಊದಿದರೆ ಅದು ಬಿಡದು. ಅಯಸ್ಕಾಂತದ ಹಿಡಿತ ಉಸಿರಿಗಿಂತ ದೊಡ್ಡದು. ಅಂಟುಪಟ್ಟಿಯನ್ನು ದಾರದಷ್ಟು ಕಿರಿದಾಗಿ ಕತ್ತರಿಸಿ, ಸಂದಿನೊಳಗೆ ಇಳಿಬಿಟ್ಟು, ಒತ್ತಿ ಎಳೆಯಬೇಕು. ನಾಲ್ಕು ಸಲ ಬರಿಗೈ. ಐದನೆಯ ಸಲ ಬಂತು. ಅಷ್ಟು ಹೊತ್ತೂ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು.

ಆಸೆಗೆ ಬಿದ್ದು ಅಯಸ್ಕಾಂತವನ್ನೇ ಕಳಚಿ ಶುಚಿಮಾಡಲು ಹೋಗಬಾರದು. ಕಬ್ಬಿಣದ ತಿರುಳಿನಿಂದ ಬೇರ್ಪಟ್ಟ ಹಳೆಯ ಅಯಸ್ಕಾಂತ ಬಲಗುಂದುತ್ತದೆ. ಮತ್ತೆ ಜೋಡಿಸಿದಾಗ ಮುಳ್ಳು ನಯವಾಗಿಯೇ ಓಡಾಡುತ್ತದೆ, ಆದರೆ ಇರುವುದಕ್ಕಿಂತ ಕಡಮೆ ತೋರಿಸುತ್ತದೆ. ಎಣ್ಣೆಯನ್ನೂ ಹಾಕಬಾರದು. ಕೇಳುತ್ತಿರುವವರಲ್ಲಿ ಗಡಿಯಾರ ರಿಪೇರಿ ಮಾಡುವವರಿದ್ದರೆ ಕ್ಷಮಿಸಬೇಕು, ಒಂದು ಹನಿ ಎಣ್ಣೆ ಬಿಡಲು ಅವರ ಕೈ ತವಕಿಸುವುದು ಸಹಜ. ಮೀಟರಿನ ಮೊನೆಗೆ ಎಣ್ಣೆಯೇ ಶತ್ರು. ಧೂಳನ್ನು ಕಲೆಹಾಕಿ ಅಂಟಾಗುತ್ತದೆ. ಕೊನೆಗೆ ಮೀಟರನ್ನು ಅಂಗಾತ, ನೆಟ್ಟಗೆ, ಪಕ್ಕಕ್ಕೆ ಹಿಡಿದು ನೋಡಬೇಕು. ಮೂರು ಭಂಗಿಗಳಲ್ಲಿಯೂ ಮುಳ್ಳು ಸೊನ್ನೆಯಲ್ಲಿಯೇ ನಿಂತರೆ ಅದರ ಬಾಲದಲ್ಲಿರುವ ಪುಟ್ಟ ತೂಕಗಳು ಸರಿಯಾಗಿವೆ ಎಂದರ್ಥ.

ಸೆಲ್ಲು ಮುಟ್ಟಿಸಿದೆ. ಮುಳ್ಳು ತಟ್ಟಿಸಿಕೊಳ್ಳದೆ 0.15ಕ್ಕೆ ನಡೆದು ಹೋಗಿ ನಿಂತಿತು.

ಹಾಗೆಂದು ಅದು ಸತ್ಯವಂತನಾಯಿತೆ? ಪೆಟ್ಟಿಗೆಯ ಪಕ್ಕದಲ್ಲಿ ಪರೀಕ್ಷೆಗೆಂದು ಯುರೇನಿಯಂನ ಚಿಕ್ಕ ಬಿಲ್ಲೆಯೊಂದನ್ನು ಅಂಟಿಸಿದ್ದಾರೆ. ಕೊಳವೆಯ ಕವಚ ತಿರುಗಿಸಿ ಕಿಟಕಿ ತೆರೆದು ಅದರ ಮೇಲಿಟ್ಟರೆ ಉಪಕರಣ ಎಚ್ಚರವಾಗಿದೆಯೇ ಎಂದು ತಿಳಿಯುತ್ತದೆ, ಅಷ್ಟೆ. ಅಂಕಿ ನಿಜವೇ ಎಂದು ಹೇಳಬೇಕಾದರೆ, ಬಲ ಗೊತ್ತಿರುವ ಸೀಸಿಯಂ ಆಕರದ ಎದುರು ಪ್ರಯೋಗಶಾಲೆಯಲ್ಲಿ ಹೊಂದಿಸಬೇಕು. ಇಷ್ಟಾದರೂ ಅದಕ್ಕೊಂದು ಮಿತಿಯಿದೆ. ಪ್ರತಿ ಟಿಕ್ಕಿನ ಬಳಿಕ ಕೊಳವೆಗೆ ಸೆಕೆಂಡಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ ವಿಶ್ರಾಂತಿ ಬೇಕು. ವಿಕಿರಣ ಅತಿಯಾದರೆ ವಿಶ್ರಾಂತಿಯೇ ಸಿಗದೆ ಕೊಳವೆ ಮೂಕವಾಗುತ್ತದೆ. ಮುಳ್ಳು ಮೇಲೇರುವ ಬದಲು ಸೊನ್ನೆಗೆ ಕುಸಿಯುತ್ತದೆ! ಈ ಕಾರಣದಿಂದಲೇ ಗಂಟೆಗೆ 500 ರಾಂಟ್‌ಜನ್‌ವರೆಗೆ ಅಳೆಯುವ, ಬೇರೆ ತತ್ತ್ವದ ಇನ್ನೊಂದು ಪೆಟ್ಟಿಗೆಯನ್ನೂ ಅಮೆರಿಕನ್ನರು ಸಿದ್ಧಮಾಡಿಕೊಂಡಿದ್ದರು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಕೈಗೆ ಸಿಕ್ಕ ಉಪಕರಣಗಳ ಮಾಪನ ಗಂಟೆಗೆ 3.6 ರಾಂಟ್‌ಜನ್‌ಗೆ ಮುಗಿದುಹೋಗುತ್ತಿತ್ತು. ಮುಳ್ಳು ಅಂಚಿಗೆ ತಗಲಿ ನಿಂತಿತು. ಆ ಅಂಚಿನ ಅಂಕಿಯೇ ವರದಿಯಾಗಿ ಮೇಲಕ್ಕೆ ಹೋಯಿತು. ಸ್ಥಾವರದ ಕೆಲವು ಕಡೆ ನಿಜವಾಗಿ ಇದ್ದದ್ದು ಸಾವಿರಾರು ರಾಂಟ್‌ಜನ್.

ಇದನ್ನೆಲ್ಲ ಕೇಳಿದ ಮೇಲೆ ಅಳಿಯ ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಒಂದು ಪೆನ್ಸಿಲು ತಂದ. ಗಡಿಯಾರ ರಿಪೇರಿಯವರು ಹಿಂಬದಿಯ ಮುಚ್ಚಳದ ಒಳಗೆ ಸಣ್ಣದಾಗಿ ತಾರೀಖು ಗೀಚುವ ಪದ್ಧತಿಯನ್ನು ನಾನು ಹಿಂದೊಮ್ಮೆ ಅವನಿಗೆ ಹೇಳಿದ್ದೆ. ಅವನು ಅಂದಿನ ತಾರೀಖು ಬರೆದು, ‘ಸಂದಿನಲ್ಲಿ ಕಬ್ಬಿಣದ ಎಳೆ ತೆಗೆದಿದೆ; ಅಯಸ್ಕಾಂತ ಮುಟ್ಟಿಲ್ಲ; ಅಂಕಿ ಹೊಂದಿಸಿಲ್ಲ’ ಎಂದು ಸೇರಿಸಿದ. ಆಮೇಲೆ ಸೆಲ್ಲು ಹಾಕಿ ಗುಂಡಿ ತಿರುಗಿಸಿದ. ಹೆಡ್‌ಫೋನಿನಲ್ಲಿ ಒಂದು ಟಿಕ್ ಕೇಳಿತು; ಸೊನ್ನೆಯ ಬುಡದಲ್ಲಿ ಮುಳ್ಳು ಸ್ವಲ್ಪ ಮಿಸುಕಿತು.