ರೈ ಧಾನ್ಯದ ಭಟ್ಟಿಯೂ ನಮ್ಮ ಬೆಲ್ಲದ ಗಾಣವೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು ಗಾಣಕ್ಕೆ ಹೋದರೆ ಬೆಲ್ಲ, ಕಾರ್ಖಾನೆಗೆ ಹೋದರೆ ಸಕ್ಕರೆ. ಸಕ್ಕರೆ ತೆಗೆದ ಬಳಿಕ ಉಳಿಯುವ ಕಾಕಂಬಿಯಿಂದ ಮದ್ಯಸಾರ ಇಳಿಯುತ್ತದೆ. ನಮ್ಮ ದೇಶದಲ್ಲಿ ವಿಸ್ಕಿಯೆಂಬ ಹೆಸರಿನಲ್ಲಿ ಮಾರಾಟವಾದ ಅಗ್ಗದ ಸರಕಿಗೆ ಬಹುಕಾಲ ಈ ಮದ್ಯಸಾರವೇ ಮೂಲವಾಗಿತ್ತು. ಯುರೋಪಿಯನ್ ಒಕ್ಕೂಟದ ಕಾನೂನು ಅದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಅಲ್ಲಿ ಧಾನ್ಯದಿಂದ ಇಳಿಸಿ, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟದ್ದಕ್ಕೆ ಮಾತ್ರ ಆ ಹೆಸರು. ಹೆಸರಿನ ಅಂತರವು ಬೆಲೆಯ ಅಂತರವೂ ಆಗುತ್ತದೆಂಬುದನ್ನು ವರ್ತಕ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಧಾನ್ಯದ ವಿಸ್ಕಿಗಳಲ್ಲಿ ರೈ ವಿಸ್ಕಿಯ ತಯಾರಿಕೆ ತುಸು ತಂಟೆಯದು. ರೈ ಶೀತ ದೇಶಗಳ ಧಾನ್ಯ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತಮ್ಮ ಮೌಂಟ್ ವರ್ನನ್ ಜಮೀನಿನಲ್ಲಿ 1797 ರಲ್ಲಿ ಇದರ ಭಟ್ಟಿಯನ್ನು ಆರಂಭಿಸಿದರು. ಸಲಹೆ ಕೊಟ್ಟವರು ಜಮೀನಿನ ಮೇಲ್ವಿಚಾರಕ, ಸ್ಕಾಟ್ಲೆಂಡಿನ ಜೇಮ್ಸ್ ಆಂಡರ್ಸನ್. ಅಲ್ಲಿಯ ಲೆಕ್ಕಪುಸ್ತಕಗಳ ಪ್ರಕಾರ ಮಿಶ್ರಣದಲ್ಲಿ ಶೇಕಡಾ 60 ರೈ, 35 ಮೆಕ್ಕೆಜೋಳ, 5 ಮೊಳಕೆ ಬರಿಸಿದ ಬಾರ್ಲಿ. ಐದು ತಾಮ್ರದ ಭಟ್ಟಿಗಳಿಂದ 1799 ರಲ್ಲಿ ಸುಮಾರು 11,000 ಗ್ಯಾಲನ್, ಎಂದರೆ 41 ಸಾವಿರ ಲೀಟರಿನಷ್ಟು ಮದ್ಯ ಇಳಿಯಿತು. ಉಳಿದ ಗಸಿ ಹಂದಿ, ದನಗಳಿಗೆ ಮೇವಾಗುತ್ತಿತ್ತು. ಭಟ್ಟಿಯ ದುಡಿಮೆ ಬಹುಪಾಲು ಗುಲಾಮರದು ಎಂಬುದನ್ನು ಆ ಲಾಭದ ಲೆಕ್ಕದೊಡನೆಯೇ ನೆನೆಯಬೇಕು.

ಕಬ್ಬಿನ ಹಾಲಿನಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ, ಧಾನ್ಯದಲ್ಲಿರುವುದು ಪಿಷ್ಟ. ಅದನ್ನು ಸಕ್ಕರೆಯಾಗಿಸುವ ಗುಣ ಮೊಳಕೆಯ ಕಾಳಿನಲ್ಲಿದೆ. ಆದ್ದರಿಂದ ಮೊದಲು ಕುದಿನೀರಿನಲ್ಲಿ ಮೆಕ್ಕೆಜೋಳದ ನುಚ್ಚು, ತುಸು ಆರಿದ ಮೇಲೆ ರೈ, ಕೊನೆಗೆ ಮೊಳಕೆ ಬಾರ್ಲಿ ಹಾಕಿ ಕಲಸುವರು. ತಣಿದ ಮೇಲೆ ಯೀಸ್ಟ್ ಸೇರಿಸಿ ಕೆಲವು ದಿನ ಹುಳಿಯಲು ಬಿಡುವರು. ರೈ ಅಂಟುಅಂಟಾಗಿ ತಳ ಹಿಡಿಯುತ್ತದೆ, ನೊರೆಯೆದ್ದು ಉಕ್ಕುತ್ತದೆ. ಕೊಪ್ಪರಿಗೆಯ ಮುಂದೆ ನಿಂತು ಬಲ್ಲ ನಮ್ಮ ಗಾಣದವರಿಗೆ ಈ ಸಂಕಟ ಹೊಸದಲ್ಲ. ಎರಡು ಸಲ ಭಟ್ಟಿ ಇಳಿಸುವಾಗ ಮೊದಲ ಧಾರೆಯನ್ನೂ ಕೊನೆಯ ಧಾರೆಯನ್ನೂ ಬೇರ್ಪಡಿಸಿ ನಡುವಿನದನ್ನಷ್ಟೇ ಹಿಡಿಯುವುದು ಮೂಗಿನ ವಿದ್ಯೆ. ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಹದ ನೋಡುವಂಥದೇ. ವಾಷಿಂಗ್ಟನ್ನರ ಸರಕು ಪೀಪಾಯಿಯಲ್ಲಿ ಮಾಗದೆಯೇ ಮಾರಾಟವಾಗುತ್ತಿತ್ತು. ಇಂದಿನ ಅಮೆರಿಕದ ನಿಯಮವಾದರೋ ಶೇಕಡಾ 51 ರಷ್ಟು ರೈಯನ್ನೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯನ್ನೂ ಕೇಳುತ್ತದೆ.

ಕರ್ನಾಟಕದಲ್ಲಿ 1948 ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಅಮೃತ್ ಸಂಸ್ಥೆಯು 2004 ರಲ್ಲಿ ಬಾರ್ಲಿಯ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಮುಂದೆ ಮೊಳಕೆಯ ರೈಯಿಂದಲೂ ವಿಸ್ಕಿ ತಯಾರಿಸಿತು. ಅವರಿಗೆ ದೊಡ್ಡ ಖರ್ಚು ನಮ್ಮ ಹವೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2 ರಷ್ಟು ಆರಿಹೋದರೆ ಬೆಂಗಳೂರಿನಲ್ಲಿ 10 ಕ್ಕೂ ಮೇಲೆ. ಶೇಕಡಾ ಹತ್ತೇ ಎಂದು ಹಿಡಿದರೂ 100 ಲೀಟರ್ 5 ವರ್ಷಕ್ಕೆ 59 ಆಗುತ್ತದೆ. ಅಲ್ಲಿ 90 ಉಳಿಯುತ್ತದೆ. ಆದರೆ ಇಲ್ಲಿ ಬೇಗ ಮಾಗುವುದರಿಂದ ಬಂಡವಾಳ ಅಷ್ಟು ವರ್ಷ ಕಟ್ಟಿಹೋಗುವುದಿಲ್ಲ.

ನಮ್ಮ ಎರೆಮಣ್ಣಿನಲ್ಲಿ ರೈ ಬೆಳೆಯುವ ಮಾತಿಲ್ಲ. ಭಟ್ಟಿಗೆ 1965 ರ ಅಬಕಾರಿ ಕಾಯಿದೆಯ ಪರವಾನಿಗೆಯೂ ಬೇಕು. ಆದರೆ ಅದೇ ಅಮೃತ್ ಸಂಸ್ಥೆಯ ‘ಟೂ ಇಂಡೀಸ್’ ರಮ್ಮಿನಲ್ಲಿ ಕೆರಿಬಿಯನ್ ರಮ್ಮಿನ ಜೊತೆಗೆ ಭಾರತದ ಬೆಲ್ಲದಿಂದ ಇಳಿಸಿದ ಮದ್ಯವಿದೆ. ಎಂದರೆ ಬೆಲ್ಲಕ್ಕೆ ಅಡುಗೆಮನೆಯಾಚೆಗೂ ಒಬ್ಬ ಗಿರಾಕಿ ಇದ್ದಾನೆ. ಈ ಗಿರಾಕಿಗೆ ಹಳದಿ ಬಣ್ಣ ಬೇಕಿಲ್ಲ. ಬೆಲ್ಲ ಬಿಳುಪಾಗಲೆಂದು ಸುರಿಯುವ ಹೈಡ್ರೋಸಿನ ಗಂಧಕಾಂಶ ಉಳಿದರೆ ಯೀಸ್ಟಿನ ಕೆಲಸ ಕುಂಠಿತವಾಗುತ್ತದೆ. ಸುಣ್ಣ ಮತ್ತು ಬೆಂಡೆಯ ಲೋಳೆಯಿಂದಲೇ ಮಡ್ಡಿ ತೆಗೆದ ಕಪ್ಪು ಪೆಂಟಿಯೇ ಅವನಿಗೆ ಸಲ್ಲುತ್ತದೆ. ಇಂದು ನಮ್ಮ ಅಡತಿ ಅಂಗಡಿಗಳಲ್ಲಿ ಸವಾಲು ಕಡಿಮೆಯಾಗುವುದೂ ಅದಕ್ಕೇ.