ಸ್ನೀಕರ್ ಶೂ ವಾಷಿಂಗ್ ಮೆಷಿನ್‌ಗೆ ಹಾಕುವ ಮುನ್ನ...

ಮಳೆಗಾಲದಲ್ಲಿ ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದು ಬಂದವರ ಶೂಗಳ ಸ್ಥಿತಿ ಹೇಳತೀರದು. ಬೆಂಗಳೂರಿನ ಅಗೆದ ರಸ್ತೆಯ ಕೆಸರಾಗಲಿ, ಕರಾವಳಿಯ ಕೆಂಪು ಮಣ್ಣಾಗಲಿ, ಉತ್ತರ ಕರ್ನಾಟಕದ ಎರೆ ಮಣ್ಣಾಗಲಿ, ಬಟ್ಟೆಯ ಶೂಗೆ ಒಮ್ಮೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಭಾನುವಾರ ಬೆಳಗ್ಗೆ ಬಕೆಟ್, ಬ್ರಷ್ ಹಿಡಿದು ಕುಳಿತುಕೊಳ್ಳಲು ಪುರುಸೊತ್ತಿಲ್ಲದವರ ಕಣ್ಣು ಸಹಜವಾಗಿಯೇ ಮೂಲೆಯಲ್ಲಿರುವ ವಾಷಿಂಗ್ ಮೆಷಿನ್ ಕಡೆಗೆ ಹೊರಳುತ್ತದೆ.

ಹಾಕಬಹುದೇ? ಕೆಲವನ್ನು ಹಾಕಬಹುದು, ಕೆಲವನ್ನು ಖಂಡಿತ ಹಾಕಬಾರದು. ಶೂ ತಯಾರಕರಲ್ಲಿ ಹಲವರು ಕೈಯಲ್ಲೇ ತೊಳೆಯಿರಿ ಎನ್ನುತ್ತಾರೆ. ಅವರ ಮಾತು ಮೀರಿ ಯಂತ್ರಕ್ಕೆ ಹಾಕಿ ಶೂ ಹಾಳಾದರೆ ವಾರಂಟಿಯ ಮಾತೆತ್ತುವುದು ಕಷ್ಟ. ಹಲವು ಸಾವಿರ ರೂಪಾಯಿ ತೆತ್ತು ತಂದ ಹೊಸ ಜೋಡಿಯ ಮೇಲೆ ಈ ಪ್ರಯೋಗ ಬೇಡ ಎಂಬುದೇ ನಮ್ಮ ಸಲಹೆ. ನಿತ್ಯ ಬಳಸಿ ಕೊಳೆಯಾದ ಬಟ್ಟೆಯ ಶೂಗಳಿಗೆ ಮಾತ್ರ ಮುಂದಿನ ಮಾತು ಅನ್ವಯ.

ಶೂ ಹಾಳಾಗುವುದು ನೀರಿನಿಂದ ಅಥವಾ ಯಂತ್ರದ ತಿರುಗಾಟದಿಂದ ಎಂದು ಬಹಳಷ್ಟು ಜನ ಭಾವಿಸಿದ್ದಾರೆ. ನಿಜವಾದ ಶತ್ರು ಶಾಖ. ಇಂದಿನ ಸ್ನೀಕರ್‌ಗಳಲ್ಲಿ ಹೊಲಿಗೆಗಿಂತ ಅಂಟಿನ ಪಾತ್ರವೇ ದೊಡ್ಡದು. ಕಾರ್ಖಾನೆಯಲ್ಲಿ ಮೇಲ್ಭಾಗಕ್ಕೂ ಅಟ್ಟೆಗೂ ಪಾಲಿಯುರಿಥೇನ್ ಅಂಟನ್ನು ಬಳಿದು, ಅದನ್ನು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಮೃದುವಾದ ಕ್ಷಣದಲ್ಲಿ ಎರಡನ್ನೂ ಒತ್ತಿ ಕೂಡಿಸುತ್ತಾರೆ. ಫ್ರಂಟ್ ಲೋಡ್ ಯಂತ್ರದ ಕಾಟನ್ ಪ್ರೋಗ್ರಾಮ್‌ನಲ್ಲಿ ನೀರು 60 ಡಿಗ್ರಿವರೆಗೂ ಕಾಯಬಹುದು. ಅಂದರೆ, ಯಾವ ಶಾಖ ಶೂವನ್ನು ಕೂಡಿಸಿತೋ ಅದೇ ಶಾಖದಲ್ಲಿ ಅದನ್ನು ಒಂದು ಗಂಟೆ ಕುಕ್ಕಿ ತಿರುಗಿಸಿದಂತಾಗುತ್ತದೆ. ಅಟ್ಟೆ ಆ ದಿನವೇ ಕಳಚಿ ಬೀಳುವುದಿಲ್ಲ. ಈ ಲೇಖಕನ ಜೋಡಿಯೊಂದು ಬಿಸಿನೀರಿನಿಂದ ಹೊಳೆಹೊಳೆಯುತ್ತ ಹೊರಬಂದು, ಎರಡು ವಾರದ ನಂತರ ಮೆಟ್ಟಿಲು ಹತ್ತುವಾಗ ಬಾಯಿ ತೆರೆಯಿತು. ತಪ್ಪು ಶೂನದಲ್ಲ, ಗುಂಡಿ ತಿರುಗಿಸಿದ ಕೈಯದು.

ಪಾದಕ್ಕೆ ಮೆತ್ತಗೆನಿಸುವ ನಡುವಿನ ಪದರವೂ ಶಾಖಕ್ಕೆ ಹೆದರುತ್ತದೆ. ಓಟದ ಶೂಗಳಲ್ಲಿ ಇದು ಸಾಮಾನ್ಯವಾಗಿ ಇವಿಎ ಎಂಬ ಹಗುರ ಫೋಮ್. ಹೆಚ್ಚು ಕಾದರೆ ಕುಗ್ಗಿ ಆಕಾರ ಕೆಡುತ್ತದೆ. ಶೂಗಳನ್ನು ಬಟ್ಟೆ ಒಣಗಿಸುವ ಡ್ರೈಯರ್‌ಗೆ ಎಂದಿಗೂ ಹಾಕಬಾರದೆನ್ನುವುದು ಇದೇ ಕಾರಣಕ್ಕೆ. ಇದಕ್ಕೆ ಹೋಲಿಸಿದರೆ ಹಳೆಯ ಮಾದರಿಯ ಕ್ಯಾನ್ವಾಸ್ ಶೂ ಗಟ್ಟಿಗ. ಶಾಲೆಯಲ್ಲಿ ಶನಿವಾರದ ಕವಾಯತಿಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಶೂ ನೆನಪಿರಬಹುದು. ಅಂಥವುಗಳಲ್ಲಿ ರಬ್ಬರ್ ಅಟ್ಟೆಯನ್ನು 100 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಬೇಯಿಸಿ ಬಟ್ಟೆಗೆ ಬೆಸೆದಿರುತ್ತಾರೆ. ತಣ್ಣೀರಿನ ಒಗೆತಕ್ಕೆ ಅವು ಅಷ್ಟಾಗಿ ಜಗ್ಗುವುದಿಲ್ಲ.

ಯಾವುದನ್ನು ಹಾಕಬಾರದು?

ಚರ್ಮ, ಸ್ವೇಡ್ ಇರುವ ಶೂಗಳು ಬೇಡವೇ ಬೇಡ. ನೀರು ಕುಡಿದ ಚರ್ಮ ಒಣಗುವಾಗ ಬಿರುಸಾಗಿ ಬಿರಿಯುತ್ತದೆ. ಸ್ವೇಡ್‌ನ ನವಿರು ಹೋಗಿ ಮೇಲ್ಮೈ ಜಡ್ಡುಗಟ್ಟುತ್ತದೆ. ಯಾವ ವಸ್ತು ಎಂದು ಅನುಮಾನವಿದ್ದರೆ ಶೂ ನಾಲಿಗೆಯ ಒಳಬದಿಯನ್ನೋ ಡಬ್ಬಿಯನ್ನೋ ನೋಡಿ. ಯುರೋಪಿನಲ್ಲಿ 1994ರ ನಿಯಮದಂತೆ ಬಂದ ಚಿಹ್ನೆಗಳು ಇಲ್ಲಿ ಮಾರಾಟವಾಗುವ ಹಲವು ಶೂಗಳ ಮೇಲೂ ಇರುತ್ತವೆ. ಹರಡಿದ ಚರ್ಮದ ಆಕೃತಿ ಇದ್ದರೆ ಚರ್ಮ, ನೇಯ್ಗೆಯ ಚೌಕ ಇದ್ದರೆ ಬಟ್ಟೆ, ಬರಿಯ ವಜ್ರಾಕೃತಿ ಇದ್ದರೆ ರಬ್ಬರ್, ಪ್ಲಾಸ್ಟಿಕ್‌ನಂಥ ಇತರ ವಸ್ತು ಎಂದರ್ಥ. ನಡೆದಾಗ ಮಿಣಮಿಣ ಬೆಳಗುವ ಮಕ್ಕಳ ಶೂಗಳಲ್ಲಿ ಬ್ಯಾಟರಿ ಇರುತ್ತದೆ, ಅವೂ ಯಂತ್ರಕ್ಕೆ ಸಲ್ಲ. ಅಗ್ಗದ ಶೂಗಳಲ್ಲಿ ಒಳಪದರದ ಕೆಳಗೆ ರಟ್ಟು ಕೂರಿಸಿರುತ್ತಾರೆ. ನೆನೆದರೆ ಅದು ಉಬ್ಬಿ ಮತ್ತೆ ಸರಿಹೋಗದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಪಾಲಿಯುರಿಥೇನ್ ಅಟ್ಟೆಯ ಶೂಗಳದು ಇನ್ನೊಂದು ಕಥೆ. ಗಾಳಿಯ ತೇವಕ್ಕೇ ಅವು ಒಳಗೊಳಗೇ ಶಿಥಿಲವಾಗಿರುತ್ತವೆ, ಯಂತ್ರದಲ್ಲಿ ಪುಡಿಪುಡಿಯಾದರೆ ಆಶ್ಚರ್ಯವಿಲ್ಲ.

ಒಗೆಯುವ ಬಗೆ

ಕ್ಯಾನ್ವಾಸ್, ನೈಲಾನ್, ಪಾಲಿಯೆಸ್ಟರ್ ಜಾಲರಿಯ ಶೂಗಳಾದರೆ ಮೊದಲು ಲೇಸು, ಒಳಪದರ ತೆಗೆಯಿರಿ. ಒಳಪದರವನ್ನು ಕೈಯಲ್ಲೇ ತೊಳೆಯುವುದು ಲೇಸು. ಯಂತ್ರದಲ್ಲಿ ಅದು ನೀರು ಹೀರಿಕೊಂಡು ದಿನಗಟ್ಟಲೆ ಒಣಗದೆ ವಾಸನೆ ಹಿಡಿಯುತ್ತದೆ. ಕೆಸರು ಹಸಿಯಾಗಿದ್ದರೆ ಒಣಗಲು ಬಿಟ್ಟು, ಬಳಿಕ ಹಳೆಯ ಟೂತ್ ಬ್ರಷ್‌ನಿಂದ ಉದುರಿಸಿ. ಅಟ್ಟೆಯ ಗೀರುಗಳಲ್ಲಿ ಸಿಕ್ಕ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹಾಕಿ. ಈ ಕೆಲಸಕ್ಕೆ ಬೇಸರ ಪಡುವವರು ಯಂತ್ರದ ಆಸೆ ಬಿಡುವುದೇ ಒಳಿತು. ಒಂದು ಹರಳು ಡ್ರಮ್‌ಗೆ ಗೀರು ಹಾಕಬಲ್ಲುದು, ನೀರು ಹೊರಹಾಕುವ ಪಂಪಿಗೂ ಸಿಕ್ಕಿಕೊಳ್ಳಬಲ್ಲುದು.

ಆಮೇಲೆ ಶೂಗಳನ್ನು ಜಾಲರಿ ಚೀಲಕ್ಕೋ ಹಳೆಯ ದಿಂಬಿನ ಕವರ್‌ಗೋ ಹಾಕಿ ಬಾಯಿ ಕಟ್ಟಿ. ಜೊತೆಗೆ ಬಣ್ಣ ಬಿಡದ ಎರಡು ಮೂರು ಹಳೆಯ ಟವೆಲ್ ಹಾಕಿದರೆ ಡ್ರಮ್‌ನ ತೂಕ ಸಮವಾಗಿ, ಬಡಿತವೂ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಎರಡು ಜೋಡಿಗಿಂತ ಹೆಚ್ಚು ಬೇಡ. ತಣ್ಣೀರು ಅಥವಾ ಗರಿಷ್ಠ 30 ಡಿಗ್ರಿ, ಡೆಲಿಕೇಟ್ ಪ್ರೋಗ್ರಾಮ್, ಸ್ಪಿನ್ 400ರಿಂದ 600 ಸುತ್ತು ಸಾಕು. ಫ್ರಂಟ್ ಲೋಡ್ ಯಂತ್ರ ಇದಕ್ಕೆ ಹೆಚ್ಚು ಸೂಕ್ತ. ಸೆಮಿ ಆಟೋಮ್ಯಾಟಿಕ್ ಯಂತ್ರವಿರುವವರು ಒಗೆಯುವ ಟಬ್‌ಗಷ್ಟೇ ನಿಲ್ಲಿಸಬೇಕು. ಅದರ ಸ್ಪಿನ್ ಟಬ್ ಕಿರಿದು, ವೇಗ ವಿಪರೀತ, ತಗ್ಗಿಸುವ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ.

ಸೋಪಿನ ವಿಷಯದಲ್ಲಿ ಧಾರಾಳತನ ಕೂಡದು. ಡಿಟರ್ಜೆಂಟ್ ಪುಡಿ ತಣ್ಣೀರಿನಲ್ಲಿ ಪೂರ್ತಿ ಕರಗದೆ ದಪ್ಪ ಬಟ್ಟೆಯ ನಡುವೆ ಉಳಿಯುವುದರಿಂದ ದ್ರವ ಡಿಟರ್ಜೆಂಟ್ ಒಂದೆರಡು ಚಮಚ ಬಳಸಿ. ಕೊಳವೆಬಾವಿಯ ಗಡಸು ನೀರಿನ ಬಡಾವಣೆಗಳಲ್ಲಿ ಒಂದು ಸಲ ಹೆಚ್ಚುವರಿ ಜಾಲಿಸುವುದು ಅಗತ್ಯ. ಬಿಳಿ ಶೂ ಎಂದು ಕ್ಲೋರಿನ್ ಬ್ಲೀಚ್ ಸುರಿದರೆ ಬಿಳುಪಿನ ಬದಲು ಹಳದಿ ಬಂದೀತು. ಬ್ಲೀಚ್ ಜೊತೆ ವಿನಿಗರ್ ಬೆರೆಸುವುದಂತೂ ಅಪಾಯ, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಅರ್ಧ ಕೆಲಸ ಇರುವುದು ಒಣಗಿಸುವುದರಲ್ಲಿ. ಬಿಸಿಲಿಗೆ ನೇರ ಇಡಬೇಡಿ, ನೆರಳಲ್ಲಿ ಫ್ಯಾನ್ ಕೆಳಗೆ ನಾಲಿಗೆ ಹೊರಗೆಳೆದು ಇಡಿ. ತೇವ ಹೀರಲು, ಆಕಾರ ಉಳಿಸಲು ಒಳಗೆ ಹಳೆಯ ದಿನಪತ್ರಿಕೆ ತುರುಕುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಆದರೆ ಪತ್ರಿಕೆಯವರಾದ ನಾವೇ ಹೇಳಬೇಕಾಗಿದೆ: ಬಿಳಿ ಶೂಗೆ ಅಚ್ಚಿನ ಮಸಿ ಹತ್ತುತ್ತದೆ, ಖಾಲಿ ಕಾಗದ ಬಳಸಿ. ಒಣಗುತ್ತಿದ್ದಂತೆ ಬಿಳಿ ಬಟ್ಟೆಯ ಅಂಚಿನಲ್ಲಿ ಕಂದು ಕಲೆ ಮೂಡುವುದು ಅನೇಕರ ಅಳಲು. ನೀರು ಆವಿಯಾಗುವಾಗ ಒಳಗೆ ಉಳಿದ ಸೋಪು, ಕೊಳೆಯನ್ನು ತನ್ನೊಡನೆ ಮೇಲ್ಮೈಗೆ ಎಳೆದು ತರುವುದೇ ಇದಕ್ಕೆ ಕಾರಣ. ಒದ್ದೆ ಶೂವಿಗೆ ಬಿಳಿ ಟಿಶ್ಯೂ ಕಾಗದ ಸುತ್ತಿಟ್ಟರೆ ಆ ಕಲೆ ಕಾಗದಕ್ಕೆ ಹತ್ತುತ್ತದೆ. ಮಲೆನಾಡು, ಕರಾವಳಿಯ ಜಡಿಮಳೆಯಲ್ಲಿ ಎರಡು ದಿನವಾದರೂ ಬೇಕಾಗಬಹುದು. ಒಳಗೆ ಕೈಹಾಕಿ ಬೆರಳ ತುದಿಗೆ ತಂಪು ಹತ್ತಿದರೆ ಇನ್ನೂ ಒಣಗಿಲ್ಲವೆಂದೇ ತಿಳಿಯಿರಿ.

ಅಟ್ಟೆಯ ಅಂಚು ಎಲ್ಲಾದರೂ ಬಿಟ್ಟಿದೆಯೇ ಎಂದು ಒಗೆಯುವ ಮೊದಲೇ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಬಿಟ್ಟಿದ್ದರೆ ಮೊದಲು ಚಪ್ಪಲಿ ಹೊಲಿಯುವವರ ಬಳಿ ಕೊಟ್ಟು ಹೊಲಿಸಿ. ಇನ್ನು ಯಂತ್ರಕ್ಕೂ ಸ್ವಲ್ಪ ಉಪಚಾರ ಬೇಕು. ಶೂ ತೆಗೆದ ಮೇಲೆ ಒಮ್ಮೆ ಖಾಲಿ ಓಡಿಸಿ, ಬಾಗಿಲ ರಬ್ಬರ್ ಮಡಿಕೆಯಲ್ಲಿ ಕುಳಿತ ಮಣ್ಣು ಒರೆಸಿ, ಕೆಳಗಿನ ಫಿಲ್ಟರ್ ಬಿಚ್ಚಿ ತೊಳೆಯಿರಿ. ಆಮೇಲೆ ಮನೆಮಂದಿಯ ಬಟ್ಟೆ ಹಾಕಿದರೆ ಯಾರ ತಕರಾರೂ ಇರಲಾರದು.